ಹರಿದ ಚಪ್ಪಲಿಯವರು ಕೊನೆಗೂ ಕೋಟ್ಯಧಿಪತಿ ಆಗದೇ ಹೋದರೆ?

ಅಲೆಮಾರಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಫೋನಿಗೆ ಬರುವ ಒಂದು ಜಾತಿಯ ಫಾರ್ವರ್ಡ್ ಕಥೆಗಳ ಬಗ್ಗೆ ಮಾತಾಡೋಣ ಅಂತ. ನಿಮಗೂ ಬಂದೇ ಇರುತ್ತೆ. ಮಾಸಿದ ಬಟ್ಟೆ, ಹರಿದ ಚಪ್ಪಲಿಯ ಮುದುಕರೊಬ್ಬರು ದೊಡ್ಡ ಶೋರೂಮಿಗೆ ಬರುತ್ತಾರೆ. ಅಲ್ಲಿನವರು ಮುಖ ಸಿಂಡರಿಸಿ ಆಚೆ ಕಳಿಸುತ್ತಾರೆ. ಕೊನೆಗೆ ನೋಡಿದರೆ ಆ ಮುದುಕರೇ ಕಂಪನಿಯ ಮಾಲೀಕರು! ಅವಮಾನ ಮಾಡಿದವನ ಕೆಲಸ ಹೋಗುತ್ತದೆ, ಕುರ್ಚಿ ಕೊಟ್ಟ ಹುಡುಗನಿಗೆ ಬಡ್ತಿ ಸಿಗುತ್ತದೆ. ಕೆಳಗೆ "ಯಾರನ್ನೂ ನೋಟದಿಂದ ಅಳೆಯಬೇಡಿ" ಅಂತ ನೀತಿ, ಜೊತೆಗೆ ಕೈಮುಗಿದ ಎರಡು ಚಿತ್ರ.

ಇದನ್ನು ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಆ ಮುದುಕರು ಮಾಲೀಕರಲ್ಲದೇ ಇದ್ದಿದ್ದರೆ? ಬಿಸಿಲು ತಾಳಲಾರದೆ ಸುಮ್ನೆ ಒಳಗೆ ಬಂದವರಾಗಿದ್ದರೆ? ಆಗ ಆಚೆ ಕಳಿಸಿದ್ದು ಸರಿಯಾಗುತ್ತಿತ್ತಾ? ಕಥೆ ಹೇಳುತ್ತಿರೋದು ಎಲ್ಲರನ್ನೂ ಗೌರವಿಸಿ ಅಂತ ಅಲ್ಲವೇ ಅಲ್ಲ. ಹುಷಾರು, ಬಡವರ ವೇಷದಲ್ಲಿ ಸಾಹುಕಾರರು ಇರಬಹುದು ಅಂತ. ಮುಖ ನೋಡಿ ಮಣೆ ಹಾಕೋ ಬುದ್ಧಿ ಹಾಗೇ ಉಳಿಯಿತು. ಸ್ವಲ್ಪ ಸರಿಯಾಗಿ ನೋಡಿ ಹಾಕು ಅಂತ ಸೇರಿತು ಅಷ್ಟೇ.

ನೋಟದಿಂದ ಅಳೆಯಬಾರದು ಅಂತ ಎಲ್ಲರೂ ಹೇಳ್ತೇವೆ. ಎಲ್ಲರೂ ಅಳೀತೇವೆ ಕೂಡ. ಯಾಕೆ ಹೀಗೆ? ಇದರಿಂದ ಯಾರಿಗೆ ಏನು ಪೆಟ್ಟು ಬೀಳುತ್ತೆ? ನೀತಿಪಾಠ ಬೇಡ, ದಯವಿಟ್ಟು ನೋಡಿದ್ದು, ಓದಿದ್ದು, ಅನುಭವಿಸಿದ್ದು ಹೇಳಿ.

ಗುಬ್ಬಿ

ಅಯ್ಯೋ ಇದನ್ನ ಯಾರಾದ್ರೂ ಹೇಳಲಿ ಅಂತ ಕಾಯ್ತಾ ಇದ್ದೆ! ನನಗೆ ಸೂಸನ್ ಬಾಯ್ಲ್ ನೆನಪಾದರು. 2009ರಲ್ಲಿ ಬ್ರಿಟನ್ನಿನ ಒಂದು ಟಿವಿ ಸ್ಪರ್ಧೆ. 47 ವರ್ಷದ, ಸಾದಾ ಬಟ್ಟೆಯ ಹೆಂಗಸು ವೇದಿಕೆಗೆ ಬಂದಾಗ ಜನ ಗೇಲಿ ಮಾಡಿ ನಕ್ಕರು. ಹಾಡು ಶುರುವಾದ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲರೂ ಅದನ್ನ ಸ್ಫೂರ್ತಿ ಅಂತ ಹಂಚಿಕೊಳ್ತಾರೆ. ಅವರ ದನಿ ಸಾಧಾರಣವಾಗಿದ್ದಿದ್ದರೆ ಆ ನಗು ಯಾರಿಗೂ ತಪ್ಪು ಅನಿಸುತ್ತಲೇ ಇರಲಿಲ್ಲ ಅಲ್ವಾ?

ಅಲೆಮಾರಿ

ಅದೇ ನೋಡಿ. ಚೆನ್ನಾಗಿ ಹಾಡದವರೂ ನಗೆಪಾಟಲಾಗದೆ ವೇದಿಕೆಯಿಂದ ಇಳಿದು ಹೋಗಬೇಕಿತ್ತು. ಆದರೆ ಅಂಥ ವಿಡಿಯೋ ಯಾರೂ ನೋಡಲ್ಲ.

ತರ್ಕಬದ್ಧ

ಒಂದು ಎದುರು ಮಾತು ಹೇಳ್ತೀನಿ, ಕಲ್ಲು ಹೊಡೀಬೇಡಿ. ದಿನಕ್ಕೆ ಎಷ್ಟೋ ಅಪರಿಚಿತರು ಎದುರಾಗುತ್ತಾರೆ. ಒಬ್ಬೊಬ್ಬರ ಜೊತೆಗೂ ಕೂತು ಕಷ್ಟಸುಖ ಕೇಳಿ ಆಮೇಲೆ ಅಭಿಪ್ರಾಯ ಮಾಡಿಕೊಳ್ಳೋಕೆ ಆಗುತ್ತಾ? ಹೊತ್ತು ಮೀರಿದ ಮೇಲೆ ಖಾಲಿ ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳು ನಡೆದು ಹೋಗುತ್ತಿದ್ದಾಳೆ. ಎದುರಿಗೆ ಬರುವವನನ್ನು ನೋಡಿ ಎಚ್ಚರ ಪಡಬಾರದಾ? ಮನುಷ್ಯನಿಗೆ ಈ ಬುದ್ಧಿ ಬಂದಿರೋದೇ ಬದುಕಿ ಉಳಿಯೋಕೆ.

ಇನ್ನೊಂದು. ಬಟ್ಟೆ ಆರಿಸಿಕೊಳ್ಳೋದು ನಾವೇ. ಕೆಲಸದ ಸಂದರ್ಶನಕ್ಕೆ ಕೊಳೆ ಅಂಗಿ ಹಾಕ್ಕೊಂಡು ಬಂದವನ ಬಗ್ಗೆ ಏನೂ ಅಂದುಕೊಳ್ಳಬಾರದು ಅಂದ್ರೆ, ಅದು ಕಣ್ಣಿದ್ದೂ ಕುರುಡರಾಗಿ ಅಂದ ಹಾಗೆ.

ಹಳೇ ಕನ್ನಡಕ

ತರ್ಕಬದ್ಧ ಅವರೇ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಅನಿಸಿಕೆ ಮೂಡೋದನ್ನು ತಡೆಯೋಕೆ ಆಗಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲ್ಲಿಸ್ ಮತ್ತು ಟೊಡೊರೊವ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತ ಮುಖದ ಫೋಟೋವನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿದರು. ಅಷ್ಟರಲ್ಲೇ ಜನ ಇವನನ್ನು ನಂಬಬಹುದು, ಇವನು ಮುಂಗೋಪಿ, ಇವನು ಕೆಲಸ ಬಲ್ಲವನು ಅಂತ ತೀರ್ಪು ಕೊಟ್ಟುಬಿಟ್ಟರು. ಎಷ್ಟು ಹೊತ್ತು ಬೇಕಾದರೂ ನೋಡಿ ಅಂತ ಬಿಟ್ಟಾಗ ಬಂದ ತೀರ್ಪಿಗೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಜಾಸ್ತಿ ಹೊತ್ತು ನೋಡಿದಾಗ ತಾವು ಹೇಳಿದ್ದೇ ಸರಿ ಅನ್ನೋ ಧೈರ್ಯ ಮಾತ್ರ ಜಾಸ್ತಿ ಆಯಿತು. ನನಗೆ ಹೆದರಿಕೆ ಆ ವೇಗದ ಬಗ್ಗೆ ಅಲ್ಲ, ಈ ಧೈರ್ಯದ ಬಗ್ಗೆ.

ಇದನ್ನೇ ಶಾಸ್ತ್ರ ಮಾಡಲು ಹೋದವರೂ ಇದ್ದರು. 18ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಲಾವಾಟರ್ ಅನ್ನುವ ಪಾದ್ರಿ ಮೂಗು, ಹಣೆ, ಗಲ್ಲ ನೋಡಿ ಗುಣ ಹೇಳಬಹುದು ಅಂತ ದೊಡ್ಡ ದೊಡ್ಡ ಸಂಪುಟ ಬರೆದ. ಯುರೋಪಿನ ಓದಿದ ಜನ ಅದನ್ನು ನಂಬಿದರು. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಲು ಹಿಂದೆಮುಂದೆ ನೋಡಿದ. ಇಂಥ ಮೂಗಿನವನಿಗೆ ಇಷ್ಟು ದೊಡ್ಡ ಪಯಣಕ್ಕೆ ಬೇಕಾದ ಛಲ ಇರಲಾರದು ಅಂತ! ಆ ಹುಡುಗ ಚಾರ್ಲ್ಸ್ ಡಾರ್ವಿನ್. ಈ ಮೂಗಿನ ಕಥೆಯನ್ನು ಆತನೇ ಮುಂದೆ ಬರೆದುಕೊಂಡಿದ್ದಾನೆ.

1876ರಲ್ಲಿ ಇಟಲಿಯ ವೈದ್ಯ ಲೊಂಬ್ರೊಸೊ ಇನ್ನೂ ಮುಂದೆ ಹೋಗಿ, ಹುಟ್ಟು ಅಪರಾಧಿಗಳ ದವಡೆ, ಕಿವಿ, ತಲೆಬುರುಡೆಯೇ ಬೇರೆ ಅಂದ. ಅದಕ್ಕೆ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಮಾತಿನಲ್ಲಿ ಉತ್ತರ ಕೊಡಲಿಲ್ಲ, ಅಳತೆಪಟ್ಟಿ ತಗೊಂಡ. ಸುಮಾರು 3,000 ಕೈದಿಗಳನ್ನು ಅಳೆದು, ಜೈಲಿಗೆ ಹೋಗದ ಜನರ ಜೊತೆ ಹೋಲಿಸಿ, 1913ರಲ್ಲಿ ವರದಿ ಕೊಟ್ಟ. ಅಪರಾಧಿಗೇ ಅಂತ ಬೇರೆ ದೇಹಲಕ್ಷಣ ಸಿಗಲಿಲ್ಲ. ಆದರೂ "ಅವನ ಮುಖ ನೋಡಿದ್ರೇ ಗೊತ್ತಾಗುತ್ತೆ" ಅನ್ನೋ ಮಾತು ಇವತ್ತಿಗೂ ಎಷ್ಟು ಸಲೀಸಾಗಿ ಬರುತ್ತೆ!

ತರ್ಕಬದ್ಧ

ಓದಿಕೊಂಡಿದ್ದೀರಿ ಸರ್, ಒಪ್ಪಿದೆ. ಆದರೆ ಆ 2006ರ ಪ್ರಯೋಗದಲ್ಲೇ ನೋಡಿ, ಅಷ್ಟು ಕಡಿಮೆ ಹೊತ್ತಲ್ಲಿ ಅಷ್ಟು ಜನ ಒಂದೇ ತರಹ ಹೇಳಿದರು ಅಂದಮೇಲೆ, ಅದರಲ್ಲಿ ಏನೋ ಹುರುಳಿರಬೇಕಲ್ವಾ?

ಹಳೇ ಕನ್ನಡಕ

ಒಂದೇ ತರಹ ಹೇಳೋದು ಬೇರೆ, ಸರಿಯಾಗಿ ಹೇಳೋದು ಬೇರೆ. ನಾವೆಲ್ಲ ನೋಡಿ ಬೆಳೆದ ಚಿತ್ರಗಳೇ ಹೆಚ್ಚುಕಡಿಮೆ ಒಂದು. ಹಾಗಾಗಿ ತಪ್ಪನ್ನೂ ಒಟ್ಟಿಗೇ ಮಾಡ್ತೀವಿ.

ಸುಳ್ಳು ಹಿಡಿಯೋ ವಿಷಯ ತಗೊಳ್ಳಿ. ಎದುರಿನವನ ಮುಖ, ಹಾವಭಾವ ನೋಡಿ ಅವನು ಸುಳ್ಳು ಹೇಳ್ತಿದ್ದಾನೋ ನಿಜ ಹೇಳ್ತಿದ್ದಾನೋ ಅಂತ ಕಂಡುಹಿಡಿಯೋದರಲ್ಲಿ ಜನ ಎಷ್ಟು ಗಟ್ಟಿ? ಬಾಂಡ್ ಮತ್ತು ಡಿಪೌಲೊ ಅನ್ನುವ ಇಬ್ಬರು 2006ರಲ್ಲಿ ಹತ್ತಾರು ವರ್ಷಗಳ ಪ್ರಯೋಗಗಳನ್ನು ಒಟ್ಟುಹಾಕಿ ಲೆಕ್ಕ ಹಾಕಿದರು. ಸರಾಸರಿ ನೂರಕ್ಕೆ 54. ನಾಣ್ಯ ಚಿಮ್ಮಿದರೂ 50 ಬರುತ್ತೆ.

ನೀವು ಹೇಳಿದ ಎಚ್ಚರದ ವಿಷಯಕ್ಕೆ ಬರೋಣ. ನೋಟದ ಎಚ್ಚರ ನಮ್ಮನ್ನು ಕಾಯುತ್ತದೆ ಅನ್ನೋದಾದರೆ ಹೂಡಿಕೆ ಹೆಸರಲ್ಲಿ ಜನರಿಗೆ ಮೋಸ ಮಾಡಿದ ಅಮೆರಿಕದ ಬರ್ನಾರ್ಡ್ ಮೇಡಾಫ್ ಹತ್ತಿರ ಅಷ್ಟು ಜನ ದುಡ್ಡು ಕಳೆದುಕೊಳ್ಳುತ್ತಿರಲಿಲ್ಲ. ನೀಟಾದ ಸೂಟು, ಮೆಲುದನಿ, ಒಂದು ಕಾಲಕ್ಕೆ ನಾಸ್ಡಾಕ್ ಷೇರುಪೇಟೆಯ ಅಧ್ಯಕ್ಷ. ಹ್ಯಾರಿ ಮಾರ್ಕೊಪೊಲೊಸ್ ಅನ್ನುವ ಲೆಕ್ಕಬಲ್ಲ ಮನುಷ್ಯ ಮೇಡಾಫ್ ತೋರಿಸೋ ಲಾಭ ಸಾಧ್ಯವೇ ಇಲ್ಲ ಅಂತ 2000ದಿಂದಲೇ ಅಮೆರಿಕದ ಷೇರು ನಿಯಂತ್ರಕರಿಗೆ ಮತ್ತೆ ಮತ್ತೆ ದೂರು ಕೊಟ್ಟ. ಮೇಡಾಫ್ ಬಂಧನವಾಗಿದ್ದು 2008ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಕಾಗದದ ಮೇಲಿನ ವಂಚನೆ ಸುಮಾರು 65 ಶತಕೋಟಿ ಡಾಲರ್. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮಜ್ಜಿಗೂ ಗೊತ್ತಿತ್ತು ಬಿಡಿ. ಕೊಳೆ ಅಂಗಿಯವನ ಮೇಲೆ ಕಣ್ಣಿಟ್ಟು ಕೂತಾಗ, ಸೂಟು ಹಾಕಿದವನ ಕಡೆ ಯಾರೂ ನೋಡೋದೇ ಇಲ್ಲ. ಎಚ್ಚರ ಬೇಕು ಅನ್ನೋರಿಗೇ ಇದು ಮೊದಲ ನಷ್ಟ.

ರಾತ್ರಿ ಪಾಳಿ

ಬರೆಯೋದು ಕಡಿಮೆ, ಸುಮ್ನೆ ಓದ್ತಾ ಇರ್ತೀನಿ. ಇವತ್ತು ಬರೀಲೇಬೇಕು ಅನಿಸಿತು. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್.

ನಮ್ಮಲ್ಲಿ ನೋಟದಿಂದ ಅಳೆದರೆ ಮನಸ್ಸಿಗೆ ನೋವಾಗುತ್ತೆ ಅನ್ನೋ ಮಟ್ಟದಲ್ಲಿ ನಿಲ್ಲಲ್ಲ, ಪ್ರಾಣ ಹೋಗುತ್ತೆ. ಒಬ್ಬ ಮನುಷ್ಯ ತೂರಾಡ್ತಾ ಇದ್ದಾನೆ. ಮಾತು ತೊದಲುತ್ತಿದೆ. ಮೈ ಬೆವೆತಿದೆ. ಯಾರಾದ್ರೂ ಮುಟ್ಟಿದ್ರೆ ಸಿಡುಕ್ತಾನೆ. ಬಟ್ಟೆ ಕೊಳೆಯಾಗಿದೆ. ಕರೆದುಕೊಂಡು ಬಂದವರು ಹೇಳೋದು ಒಂದೇ ಮಾತು: "ಕುಡಿದಿದ್ದಾನೆ ಸಿಸ್ಟರ್, ಮಲಗಿಸಿಬಿಡಿ, ಇಳಿಯುತ್ತೆ."

ರಕ್ತದಲ್ಲಿ ಸಕ್ಕರೆ ಕುಸಿದಾಗಲೂ ಥೇಟ್ ಹೀಗೇ ಕಾಣುತ್ತೆ. ಇನ್ಸುಲಿನ್ ತಗೊಳ್ಳೋ ಸಕ್ಕರೆ ಕಾಯಿಲೆಯವರು ಊಟ ತಪ್ಪಿಸಿದರೆ ಸಾಕು. ಮಿದುಳಿಗೆ ಬೇಕಾದ ಗ್ಲೂಕೋಸ್ ಸಿಗಲ್ಲ, ಮಾತು, ನಡಿಗೆ, ಸಿಟ್ಟು ಎಲ್ಲ ಕೈತಪ್ಪುತ್ತೆ. ಮಲಗಿಸಿ ಬಿಟ್ಟರೆ ಫಿಟ್ಸ್ ಬರಬಹುದು, ಕೋಮಾಕ್ಕೆ ಹೋಗಬಹುದು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಕೆಲವೇ ಸೆಕೆಂಡಿನಲ್ಲಿ ಗೊತ್ತಾಗುತ್ತೆ. ಇದರ ಉಲ್ಟಾನೂ ಇದೆ. ಸಕ್ಕರೆ ವಿಪರೀತ ಏರಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬಿಕೊಂಡಾಗ ಉಸಿರಿಗೆ ಕೊಳೆತ ಹಣ್ಣಿನಂಥ ವಾಸನೆ ಬರುತ್ತೆ. ಅದನ್ನೂ ಹೆಂಡದ ವಾಸನೆ ಅಂದುಕೊಳ್ಳೋರು ಇದ್ದಾರೆ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು ಇವೂ ಕುಡಿದವರ ಹಾಗೆ ಕಾಣಿಸಬಹುದು. ಕುಡಿದವರಿಗೂ ಇವೆಲ್ಲ ಆಗಬಹುದು, ಅದು ಇನ್ನೊಂದು ಗೋಳು. ಅದಕ್ಕೇ ನಮ್ಮಲ್ಲಿ ಪ್ರಜ್ಞೆ ಏರುಪೇರಾಗಿ ಬಂದವರು ಯಾರೇ ಇರಲಿ, ಏನೇ ಹಾಕಿಕೊಂಡಿರಲಿ, ಮೊದಲು ಬೆರಳಿಗೆ ಸೂಜಿ. ನನ್ನ ಮನಸ್ಸು ಏನು ಅಂದುಕೊಂಡಿತು ಅಂತ ಯಾರೂ ಕೇಳಲ್ಲ.

ಇನ್ನೊಂದು ವಿಷಯ. ಬೆರಳಿಗೆ ಸಿಕ್ಕಿಸೋ ಆಕ್ಸಿಜನ್ ಮೀಟರ್ ಎಲ್ಲರಿಗೂ ಗೊತ್ತಲ್ಲ. ಅದು ಬೆಳಕು ಹಾಯಿಸಿ ಅಳೆಯುತ್ತೆ. ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಆಕ್ಸಿಜನ್ ಇಳಿದಿದ್ದರೂ ಅದು ಚೆನ್ನಾಗಿದೆ ಅಂತ ತೋರಿಸುತ್ತೆ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕಣ್ತಪ್ಪಿದ ಕೊರತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು 3 ಪಟ್ಟು ಕಂಡಿತು. ಮೀಟರಿಗೆ ಯಾರ ಮೇಲೂ ದ್ವೇಷ ಇಲ್ಲ. ಅದನ್ನು ಮಾಡುವಾಗ ಯಾರ ಬೆರಳಿಟ್ಟು ಹೆಚ್ಚಾಗಿ ಪರೀಕ್ಷೆ ಮಾಡಿದರು ಅನ್ನೋದೇ ಪ್ರಶ್ನೆ.

ಗುಬ್ಬಿ

ರಾತ್ರಿ ಪಾಳಿ ಅಕ್ಕಾ, ಮೈ ಜುಮ್ ಅಂತು. ದಾರಿಯಲ್ಲಿ ಹೀಗೆ ಯಾರಾದ್ರೂ ಕಂಡರೆ ನಾವು ಏನು ಮಾಡಬೇಕು?

ರಾತ್ರಿ ಪಾಳಿ

ಮಾತಾಡಿಸಿ ನೋಡು. ಕುತ್ತಿಗೆಯಲ್ಲೋ ಕೈಯಲ್ಲೋ ಕಾಯಿಲೆ ಬರೆದಿರೋ ಪಟ್ಟಿ ಇದೆಯಾ ನೋಡು. ಎಚ್ಚರ ಇದ್ದು, ನುಂಗೋಕೆ ಆಗುತ್ತೆ, ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದರೆ ಸಿಹಿ ಪಾನೀಯ ಕೊಡಬಹುದು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡ. ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸಿಗೆ ಫೋನ್ ಮಾಡು. "ಕುಡಿದಿದ್ದಾರೆ" ಅಂತ ಹೇಳಬೇಡ, ಕಂಡಿದ್ದನ್ನು ಮಾತ್ರ ಹೇಳು. ತೂರಾಡ್ತಿದ್ದಾರೆ, ಬೆವೆತಿದ್ದಾರೆ, ಮಾತು ತೊದಲುತ್ತಿದೆ. ಅಷ್ಟು ಸಾಕು.

ಅಪ್ಪನ ಮಗಳು

ಕಂಡಿದ್ದನ್ನು ಮಾತ್ರ ಹೇಳು ಅಂದ್ರಲ್ಲ, ಅದಕ್ಕೆ ಬರೀತಿದ್ದೀನಿ. ನಮ್ಮಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗೋದು ಎಲ್ಲರಿಗೂ ಗೊತ್ತು. ಆದರೆ ಈ ಕಾಯಿಲೆ ಮುಖವನ್ನೂ ಹಿಡಿಯುತ್ತೆ ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಮುಖದ ಸ್ನಾಯು ಬಿಗಿಯಾಗುತ್ತೆ, ನಗು ಮುಖಕ್ಕೆ ಬರೋದೇ ಇಲ್ಲ, ರೆಪ್ಪೆ ಮಿಟುಕಿಸೋದು ಕಡಿಮೆ ಆಗುತ್ತೆ, ದನಿ ಸಣ್ಣಗಾಗುತ್ತೆ. ಒಳಗೆ ಮನುಷ್ಯ ಮೊದಲಿನ ಹಾಗೇ ಇದ್ದಾರೆ. ಜೋಕ್ ಅರ್ಥ ಆಗುತ್ತೆ, ನಗು ಬರುತ್ತೆ, ಮುಖ ಮಾತ್ರ ಕೇಳಲ್ಲ.

ಜನಕ್ಕೆ ಕಾಣೋದು ಸಿಡುಕು ಮೋರೆ. "ನಿಮ್ಮ ತಂದೆಗೆ ನಾವು ಬಂದಿದ್ದು ಇಷ್ಟ ಆಗಲಿಲ್ಲ ಅನ್ಸುತ್ತೆ" ಅಂತ ಹೊರಟುಹೋದವರಿದ್ದಾರೆ. ಬುದ್ಧಿ ಮಂಕಾಗಿದೆ ಅಂದುಕೊಂಡು ಅವರೆದುರಿಗೇ ನನ್ನ ಹತ್ತಿರ ಅವರ ಬಗ್ಗೆ ಮಾತಾಡ್ತಾರೆ. ಒಬ್ಬ ವೈದ್ಯರೂ ಹಾಗೇ ಮಾಡಿದರು. ಅಪ್ಪ ನಿಧಾನವಾಗಿ, ಸಣ್ಣ ದನಿಯಲ್ಲಿ, "ನನಗೆ ಕಿವಿ ಕೇಳುತ್ತೆ ಡಾಕ್ಟ್ರೇ" ಅಂದರು. ಮೂರು ಪದ ಹೇಳೋಕೆ ಅವರಿಗೆ ಬೇಕಾಗೋ ಹೊತ್ತು ಕೂಡ ಯಾರೂ ಕೊಡಲ್ಲ ಅನ್ನೋದು ನನ್ನ ತಕರಾರು. ಗೌರವ, ಪ್ರೀತಿ ಎಲ್ಲ ಆಮೇಲೆ. ಮೊದಲು ಆ ಹೊತ್ತು ಕೊಡಿ.

ನಾಲ್ಕು ಚಕ್ರ

ಮಗಳೇ, ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ. ನಾನು ಗಾಲಿಕುರ್ಚಿ ಬಳಸ್ತೀನಿ. ಜೊತೆಗೆ ಬಂದವರನ್ನು "ಇವರಿಗೆ ಏನು ಬೇಕಂತೆ?" ಅಂತ ಕೇಳೋದು ನನಗೂ ದಿನಾ ಆಗುತ್ತೆ.

ಆದರೆ ಅದಕ್ಕಿಂತ ತಮಾಷೆ ಇನ್ನೊಂದಿದೆ. ನನಗೆ ಸ್ವಲ್ಪ ದೂರ ನಡೆಯೋಕೆ ಬರುತ್ತೆ. ಗಾಲಿಕುರ್ಚಿ ಬಳಸೋ ತುಂಬ ಜನಕ್ಕೆ ಬರುತ್ತೆ. ನೋವು, ಸುಸ್ತು, ಹೃದಯದ ತೊಂದರೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಹೀಗೆ ಕಾರಣ ನೂರು. ಕುರ್ಚಿಯಿಂದ ಎದ್ದು ಮೇಲಿನ ಕಪಾಟಿನಿಂದ ಏನಾದರೂ ತೆಗೆದರೆ ಮುಗೀತು. ಸುತ್ತಲಿನವರ ಕಣ್ಣಲ್ಲಿ ನಾನು ನಾಟಕದವನು. ಅಂದರೆ ಜನರ ತಲೆಯಲ್ಲಿ ಅಂಗವಿಕಲರು ಅಂದ್ರೆ ಹೀಗೇ ಇರಬೇಕು ಅಂತ ಒಂದು ಚಿತ್ರ ಇದೆ. ನಾನು ಆ ಚಿತ್ರಕ್ಕೆ ಸರಿಯಾಗಿ ಕೂರದಿದ್ದರೆ ತಪ್ಪು ಚಿತ್ರದ್ದಲ್ಲ, ನನ್ನದು!

ಹೊರಗೆ ಏನೂ ಕಾಣದೇ ಇರೋ ತೊಂದರೆಯವರ ಪಾಡು ಇನ್ನೂ ಕಷ್ಟ. ಕಿವಿ ಮಂದ, ಆಟಿಸಂ, ಮೂರ್ಛೆ ರೋಗ. ಕರೆದರೂ ತಿರುಗದವರು ಸೊಕ್ಕಿನವರು, ಕಣ್ಣು ಕೊಟ್ಟು ಮಾತಾಡದವರು ಕಳ್ಳರು ಅಂತ ಲೆಕ್ಕ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಂಥವರಿಗೆ ಅಂತ ಸೂರ್ಯಕಾಂತಿ ಹೂವಿನ ಚಿತ್ರ ಇರುವ ಹಸಿರು ಕೊರಳಪಟ್ಟಿ ಶುರು ಮಾಡಿದರು. ಈಗ ಬೇರೆ ದೇಶಗಳಲ್ಲೂ ಇದೆ. ಕಾಯಿಲೆ ಏನು ಅಂತ ಹೇಳಬೇಕಿಲ್ಲ, ಸ್ವಲ್ಪ ಹೊತ್ತು, ಸ್ವಲ್ಪ ಸಹಾಯ ಬೇಕು ಅಂತ ಅರ್ಥ. ಒಳ್ಳೆಯದೇ. ಆದರೂ ತಾಳ್ಮೆ ಸಿಗೋಕೆ ಕುತ್ತಿಗೆಗೆ ಪಟ್ಟಿ ಹಾಕಿಕೊಳ್ಳಬೇಕಲ್ಲ ಅಂತ ಒಂದೊಂದು ಸಲ ಸಿಟ್ಟೂ ಬರುತ್ತೆ.

ಕೊನೇದು. ನಾನು ಬಸ್ಸು ಹತ್ತಿದ್ದಕ್ಕೆ ಚಪ್ಪಾಳೆ ತಟ್ಟಬೇಡಿ. ನಾನು ಕೆಲಸಕ್ಕೆ ಹೋಗ್ತಿದ್ದೀನಿ ಅಷ್ಟೇ.

ಬಿಡುವಿನ ವೇಳೆ

ಈಗಿನ ಕಾಲದಲ್ಲಿ ಎಲ್ಲಕ್ಕೂ ಬೇಜಾರು. ಮಾತಾಡಿಸಿದರೂ ತಪ್ಪು, ಮಾತಾಡಿಸದಿದ್ದರೂ ತಪ್ಪು. ಹೊಗಳಿದರೂ ತಪ್ಪಾ?

ಹೊಸಬ

ಹೊಗಳೋದೂ ಒಂದೊಂದು ಸಲ ಹೊರೆ ಆಗುತ್ತೆ ಸರ್. "ನಿಮ್ಮ ಕಡೆಯವರು ಲೆಕ್ಕದಲ್ಲಿ ಚುರುಕು" ಅಂತ ನನಗೆ ಸ್ಕೂಲಿನಿಂದಲೂ ಹೇಳ್ತಾ ಬಂದರು. ಕೇಳೋಕೆ ಚೆಂದ. ಆದರೆ ಮಾರ್ಕ್ಸ್ ಚೆನ್ನಾಗಿ ಬಂದರೆ ಅದು ನನ್ನ ಕಡೆಯವರ ಗುಣ, ಕಡಿಮೆ ಬಂದರೆ ನನ್ನ ಸೋಮಾರಿತನ. ಗೊತ್ತಾಗದ್ದನ್ನು ಕೇಳೋಕೆ ಕೈ ಎತ್ತೋದೇ ಬಿಟ್ಟುಬಿಟ್ಟೆ. ಹೆಂಗಸರು ತಾಳ್ಮೆಯವರು, ದಪ್ಪಗಿರೋರು ತಮಾಷೆಯವರು, ವಯಸ್ಸಾದವರು ಶಾಂತ ಸ್ವಭಾವದವರು ಅನ್ನೋದೆಲ್ಲ ಇದೇ ಜಾತಿಯ ಹೊಗಳಿಕೆ. ಸಿಟ್ಟು ಬಂದ ದಿನ ಅವರು ಎಲ್ಲಿಗೆ ಹೋಗಬೇಕು?

ಕೆಂಪು ಪೆನ್ನು

ಹೊಸಬ ಅವರ ಮಾತಿಗೆ ಮೇಷ್ಟ್ರಾಗಿ ಒಂದೆರಡು ಮಾತು ಸೇರಿಸ್ತೀನಿ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಮನಶ್ಶಾಸ್ತ್ರಜ್ಞ ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದ. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಜಾಸ್ತಿ ಬಂದವನಿಗೆ ಎಲ್ಲದರಲ್ಲೂ ಜಾಸ್ತಿ. ನಿಜ ಇರಲಾರದಷ್ಟು ಹೊಂದಾಣಿಕೆ. ಆಳು ಎತ್ತರ ಇದ್ದಾನೆ, ನೀಟಾಗಿದ್ದಾನೆ ಅಂದರೆ ಬುದ್ಧಿವಂತನೂ ಹೌದು ಅಂತ ಪೆನ್ನು ತಾನೇ ಓಡಿರಬೇಕು.

ಉತ್ತರ ಪತ್ರಿಕೆ ತಿದ್ದುವವರಿಗೆ ಇದು ಚೆನ್ನಾಗಿ ಗೊತ್ತು. ಅಕ್ಷರ ದುಂಡಗಿದ್ದರೆ ಉತ್ತರವೂ ಚೆನ್ನಾಗಿದೆ ಅನಿಸುತ್ತೆ. ಮೊದಲ ಉತ್ತರ ಚೆನ್ನಾಗಿದ್ದರೆ ಐದನೆಯದರ ತಪ್ಪು ಕಣ್ಣಿಗೆ ಬೀಳಲ್ಲ. ಮಕ್ಕಳ ಹೆಸರು ಕಂಡರಂತೂ ಕೇಳಲೇಬೇಡಿ, ಮುಖ, ಅಪ್ಪ ಅಮ್ಮ, ಹೋದ ವಾರದ ಗಲಾಟೆ ಎಲ್ಲ ಒಟ್ಟಿಗೇ ಬರುತ್ತೆ. ಹಾಗಾಗಿ ನಾವು ಕೆಲವರು ಹೆಸರಿನ ಪುಟ ಮಡಚಿ ತಿದ್ದುತ್ತೇವೆ. ಒಬ್ಬರ ಪೂರ್ತಿ ಪತ್ರಿಕೆ ಮುಗಿಸಿ ಮುಂದಿನದಕ್ಕೆ ಹೋಗಲ್ಲ. ಎಲ್ಲರ ಮೊದಲ ಉತ್ತರ ತಿದ್ದಿ, ಕಟ್ಟು ಕಲಸಿ, ಆಮೇಲೆ ಎಲ್ಲರ ಎರಡನೇ ಉತ್ತರ. ಬೇಜಾರಿನ ಕೆಲಸ, ನಿಜ. ನಾನು ಪಕ್ಷಪಾತ ಮಾಡಲ್ಲ ಅಂತ ಎದೆ ತಟ್ಟಿಕೊಳ್ಳೋದಕ್ಕಿಂತ ಇದು ವಾಸಿ.

ತರ್ಕಬದ್ಧ

ಇದು ನನಗೆ ಹಿಡಿಸಿತು. ಮನಸ್ಸು ಶುದ್ಧ ಮಾಡ್ಕೊಳ್ಳಿ ಅನ್ನೋ ಉಪದೇಶಕ್ಕಿಂತ ಪುಟ ಮಡಚೋದು ಮೇಲು. ಆದರೂ ರಾತ್ರಿ ರಸ್ತೆಯಲ್ಲಿ ಮಡಚೋಕೆ ಪುಟ ಇಲ್ಲವಲ್ಲ? ಆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸುಟ್ಟ ಕೆನ್ನೆ

ಉತ್ತರ ನಾನು ಕೊಡ್ತೀನಿ, ಯಾಕಂದ್ರೆ ಆ ರಸ್ತೆಯಲ್ಲಿ ಎದುರಿಗೆ ಬರುವವನು ನಾನೇ.

ಚಿಕ್ಕಂದಿನಲ್ಲಿ ಮುಖದ ಒಂದು ಪಕ್ಕ ಸುಟ್ಟಿತು. ಆಳು ಎತ್ತರ. ಕತ್ತಲಲ್ಲಿ ಯಾರಾದರೂ ನನ್ನ ನೋಡಿ ಆಚೆ ಬದಿಗೆ ದಾಟಿದರೆ ನನಗೆ ಕೋಪ ಇಲ್ಲ. ಹೆಣ್ಣುಮಕ್ಕಳು ಎಚ್ಚರದಿಂದ ಇರಬೇಕಾದ ಸ್ಥಿತಿ ಇದೆ, ಒಪ್ತೀನಿ. ಆದರೆ ಎಚ್ಚರ ಯಾವುದರ ಮೇಲೆ? ನಡತೆ ಮೇಲೆ ಇಡಿ. ಹಿಂದೆ ಹಿಂದೆ ಬರ್ತಿದ್ದಾನಾ, ದಾರಿ ಬದಲಿಸಿದರೆ ಅವನೂ ಬದಲಿಸ್ತಾನಾ, ಬೇಡ ಅಂದ ಮೇಲೂ ಮಾತಾಡಿಸ್ತಾನಾ. ಚೆಂದದ ಮುಖದವನು ಇದನ್ನೆಲ್ಲ ಮಾಡಿದರೂ ಅಪಾಯ ಅಪಾಯವೇ. ಸುಟ್ಟ ಮುಖದವನು ತನ್ನ ಪಾಡಿಗೆ ಮನೆಗೆ ಹೋಗ್ತಿದ್ದರೆ ಅವನು ಮನೆಗೆ ಹೋಗ್ತಿದ್ದಾನೆ ಅಷ್ಟೇ.

ನನಗೆ ನೋವಾಗೋದು ಹಗಲಲ್ಲಿ. ಲಿಫ್ಟಿನಲ್ಲಿ, ಕ್ಯೂನಲ್ಲಿ, ಹತ್ತು ಜನರ ನಡುವೆ. ಅಲ್ಲಿ ಏನು ಅಪಾಯ ಹೇಳಿ? ಅಲ್ಲೂ ಮಗುವನ್ನು ಪಕ್ಕಕ್ಕೆ ಎಳ್ಕೊಳ್ತಾರೆ. ಮಗು ಕೇಳೋದು ಸಹಜ, "ಅಂಕಲ್ ಮುಖಕ್ಕೆ ಏನಾಯ್ತು?" ಅಂತ. ಸುಟ್ಟಿತು ಕಂದ, ಈಗ ನೋವಿಲ್ಲ ಅಂತೀನಿ. ಅದಕ್ಕೆ ಅಷ್ಟೇ ಸಾಕು, ಮರುಕ್ಷಣ ನನ್ನ ಶೂ ಬಗ್ಗೆ ಕೇಳುತ್ತೆ. ಬಾಯಿ ಮುಚ್ಚಿಸೋ ದೊಡ್ಡವರಿಂದಲೇ ಅದು ಹೆದರೋದು ಕಲಿಯೋದು.

ಸಿನಿಮಾಗಳ ಪಾಲೂ ಇದೆ. ಖಳನಾಯಕನ ಕೆನ್ನೆಗೆ ಗಾಯದ ಗುರುತು ಬಳಿದರೆ ಬರೆಯೋರ ಅರ್ಧ ಕೆಲಸ ಮುಗೀತು. ಮುಖದಲ್ಲಿ ಗುರುತಿರುವವರಿಗಾಗಿ ಕೆಲಸ ಮಾಡುವ ಚೇಂಜಿಂಗ್ ಫೇಸಸ್ ಸಂಸ್ಥೆ ಇದರ ವಿರುದ್ಧ ಅಭಿಯಾನ ಮಾಡಿತು. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದಕ್ಕೆ ಬೆಂಬಲ ಕೊಟ್ಟು, ಮುಖದ ಗಾಯವನ್ನು ಕೆಟ್ಟತನದ ಗುರುತಾಗಿ ತೋರಿಸುವ ಚಿತ್ರಗಳಿಗೆ ಇನ್ನು ದುಡ್ಡು ಕೊಡಲ್ಲ ಅಂತ ಹೇಳಿತು.

ತರ್ಕಬದ್ಧ

ಸುಟ್ಟ ಕೆನ್ನೆ ಅವರೇ, ಉತ್ತರ ಸಿಕ್ಕಿತು. ಕತ್ತಲು, ಒಂಟಿತನ ಅಂತ ಹೇಳಿ ಹಗಲಿನ ಲಿಫ್ಟಿಗೂ ಅದೇ ನ್ಯಾಯ ಹಚ್ಚೋದು ಸರಿಯಲ್ಲ, ಒಪ್ಪಿದೆ. ಬಟ್ಟೆ ವಿಷಯದಲ್ಲಿ ಮಾತ್ರ ನಾನು ಇನ್ನೂ ಸೋತಿಲ್ಲ!

ಅರ್ಜಿ ಓದುವವಳು

ಅದನ್ನು ನಾನು ನೋಡ್ಕೊಳ್ತೀನಿ ಬಿಡಿ. ಜನರನ್ನು ಕೆಲಸಕ್ಕೆ ತಗೊಳ್ಳೋದೇ ನನ್ನ ಕೆಲಸ.

ಕೊಳೆ ಅಂಗಿ ಬಗ್ಗೆ ಆಮೇಲೆ ಹೇಳ್ತೀನಿ. ಅಂಗಿ ಕಾಣೋ ಮುಂಚೆಯೇ ಎಷ್ಟು ಜನ ಹೊರಗೆ ಉಳೀತಾರೆ ಗೊತ್ತಾ? ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೋದಲ್ಲಿ ಸುಮಾರು 5,000 ಅರ್ಜಿ ಕಳಿಸಿದರು, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದು, ಅನುಭವ ಒಂದೇ ಮಟ್ಟದ್ದು. ಹೆಸರು ಮಾತ್ರ ಬೇರೆ. ಅರ್ಧಕ್ಕೆ ಬಿಳಿಯರಲ್ಲಿ ಇಡುವಂಥ ಹೆಸರು, ಅರ್ಧಕ್ಕೆ ಕಪ್ಪು ಜನರಲ್ಲಿ ಇಡುವಂಥ ಹೆಸರು. ಮೊದಲ ಗುಂಪಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು. ಎರಡನೆಯದಕ್ಕೆ ಸುಮಾರು 15ಕ್ಕೆ ಒಂದು. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ.

ಈಗ ಅಂಗಿ. ಗಿರಾಕಿಗಳ ಎದುರು ನಿಲ್ಲೋ ಕೆಲಸವಾದರೆ ಶುಚಿ ಬೇಕು, ಅದನ್ನು ಮೊದಲೇ ಹೇಳಿ, ಎಲ್ಲರಿಗೂ ಒಂದೇ ಅಳತೆ ಹಿಡಿಯಿರಿ. ಅದು ಕೆಲಸಕ್ಕೆ ಸಂಬಂಧಿಸಿದ್ದು. ಗೋದಾಮಿನಲ್ಲಿ ಲೆಕ್ಕ ಇಡೋನ ಅಂಗಿ ಇಸ್ತ್ರಿ ಆಗಿಲ್ಲ ಅಂತ ಅವನು ಬೇಜವಾಬ್ದಾರಿ ಅಂದರೆ ಅದು ನಿಮ್ಮ ಕಲ್ಪನೆ. ರಾತ್ರಿ ಕೆಲಸ ಮುಗಿಸಿ ನೇರ ಬಂದಿರಬಹುದು. ಇರೋದೇ ಅದೊಂದು ಅಂಗಿ ಇರಬಹುದು. ಬಟ್ಟೆ ಆರಿಸ್ಕೊಳ್ತೀವಿ ಅಂತೀರಿ, ಆರಿಸ್ಕೊಳ್ಳೋಕೆ ಎರಡು ಇರಬೇಕಲ್ಲ!

ನಾವು ಮಾಡೋದು ಇಷ್ಟು. ಪ್ರಶ್ನೆಗಳನ್ನು ಮೊದಲೇ ಬರೆದು, ಎಲ್ಲರಿಗೂ ಅದೇ ಪ್ರಶ್ನೆ ಅದೇ ಕ್ರಮದಲ್ಲಿ ಕೇಳ್ತೀವಿ. ಒಂದೊಂದು ಉತ್ತರಕ್ಕೂ ಆಗಲೇ ಅಂಕ. ಸಮಿತಿಯವರು ತಮ್ಮ ಅಂಕ ಬರೆದು ಮುಗಿಸೋವರೆಗೆ ಒಬ್ಬರ ಜೊತೆ ಒಬ್ಬರು ಮಾತಾಡೋ ಹಾಗಿಲ್ಲ. ಹಾಗೇ ಹರಟೆ ಹೊಡೆದು ಆರಿಸೋದಕ್ಕಿಂತ ಈ ತರಹದ ಸಂದರ್ಶನ ಮುಂದಿನ ಕೆಲಸವನ್ನು ಚೆನ್ನಾಗಿ ಅಂದಾಜು ಮಾಡುತ್ತೆ ಅಂತ ಎಷ್ಟೋ ವರ್ಷದಿಂದ ಸಂಶೋಧನೆಗಳು ಹೇಳ್ತಾ ಬಂದಿವೆ. ಆದರೂ ದೊಡ್ಡ ಹುದ್ದೆಯವರಿಗೆ ಇದು ಇಷ್ಟ ಇಲ್ಲ. "ನಾನು ಕೈ ಕುಲುಕಿದರೇ ಆಳು ಎಂಥವನು ಅಂತ ಹೇಳ್ತೀನಿ" ಅನ್ನೋ ಹೆಮ್ಮೆ. ಹಾಗೆ ಕುಲುಕಿ ತಗೊಂಡವರಲ್ಲಿ ಎಷ್ಟು ಜನ ಬಿಟ್ಟುಹೋದರು ಅಂತ ಅವರು ಲೆಕ್ಕ ಇಡಲ್ಲ. ನಾನು ಇಡ್ತೀನಿ. ಕೇಳಿದರೆ ಬೇಜಾರಾಗ್ತಾರೆ.

ಹಳೇ ಕನ್ನಡಕ

ಮುಖವನ್ನೇ ನೋಡದೆ ಬೇಡ ಅಂದರು ಅಂತ ಹೇಳಿದ್ರಲ್ಲ, ಅದಕ್ಕೆ ಇನ್ನೊಂದು ಹಳೆಯದು ನೆನಪಾಯಿತು. 1930ರ ದಶಕದ ಶುರುವಿನಲ್ಲಿ ರಿಚರ್ಡ್ ಲಾಪಿಯರ್ ಅನ್ನುವ ಸಮಾಜಶಾಸ್ತ್ರಜ್ಞ ಒಂದು ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದ. ಆಗ ಅಲ್ಲಿ ಚೀನೀಯರ ಮೇಲೆ ಬಹಳ ದ್ವೇಷ ಇತ್ತು. 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಂದೇ ಒಂದು ಕಡೆ ಇಲ್ಲ ಅಂದರು. ಆಮೇಲೆ ಅದೇ ಜಾಗಗಳಿಗೆ ಕಾಗದ ಬರೆದು, ಚೀನೀಯರಿಗೆ ಜಾಗ ಕೊಡ್ತೀರಾ ಅಂತ ಕೇಳಿದ. ಉತ್ತರ ಬರೆದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಕೊಡಲ್ಲ ಅಂದರು! 1934ರಲ್ಲಿ ಇದು ಪ್ರಕಟವಾಯಿತು. ಜೊತೆಗೆ ಒಬ್ಬ ಬಿಳಿಯ ಇದ್ದ, ಕಾಗದಕ್ಕೆ ಉತ್ತರ ಬರೆದವರು ಬಾಗಿಲಲ್ಲಿ ನಿಂತವರೇ ಅಂತ ಹೇಳೋಕಾಗಲ್ಲ ಅನ್ನೋ ಆಕ್ಷೇಪಗಳೂ ಇವೆ. ಆದರೂ ಕಾಗದದ ಮೇಲಿನ ಚೀನೀಯ ಎಷ್ಟು ಭಯಂಕರ, ಎದುರಿಗೆ ನಗುತ್ತಾ ನಿಂತ ದಂಪತಿ ಎಷ್ಟು ಸಾಮಾನ್ಯ ನೋಡಿ.

ಗಾರ್ಡನ್ ಆಲ್‌ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲಿ ಹೇಳಿದ್ದೂ ಇದರ ಹತ್ತಿರದ್ದೇ. ಗುಂಪುಗಳು ಬೆರೆತರೆ ಪೂರ್ವಗ್ರಹ ಇಳಿಯಬಹುದು. ಆದರೆ ಒಬ್ಬ ಯಜಮಾನ ಒಬ್ಬ ಆಳು ಅಂತ ಬೆರೆತರೆ ಆಗಲ್ಲ. ಸಮಾನ ಸ್ಥಾನ ಇರಬೇಕು, ಒಂದೇ ಕೆಲಸಕ್ಕೆ ಕೈ ಸೇರಿಸಬೇಕು, ಮೇಲಿನವರ ಬೆಂಬಲ ಇರಬೇಕು. 2006ರಲ್ಲಿ ಪೆಟ್ಟಿಗ್ರೂ ಮತ್ತು ಟ್ರಾಪ್ ಅನ್ನುವ ಸಂಶೋಧಕರು 500ಕ್ಕೂ ಹೆಚ್ಚು ಅಧ್ಯಯನ ಒಟ್ಟುಗೂಡಿಸಿದಾಗ, ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ಇಳಿಯುತ್ತೆ ಅನ್ನೋದು ಗಟ್ಟಿಯಾಯಿತು. ಆಲ್‌ಪೋರ್ಟ್ ಹೇಳಿದ ಷರತ್ತುಗಳಿದ್ದರೆ ಇನ್ನೂ ಚೆನ್ನಾಗಿ, ಇಲ್ಲದಿದ್ದರೂ ಸ್ವಲ್ಪ.

ಅಲೆಮಾರಿ

ಅರ್ಜಿ ಓದುವವಳು ಅವರೇ, ಒಂದು ಪ್ರಶ್ನೆ. ನಿಮ್ಮಲ್ಲಿ ಅರ್ಜಿಯಲ್ಲಿ ಹೆಸರು, ಫೋಟೋ ಮುಚ್ಚಿಡ್ತೀರಾ? ಕೆಂಪು ಪೆನ್ನು ಅವರು ಪುಟ ಮಡಚಿದ ಹಾಗೆ?

ಅರ್ಜಿ ಓದುವವಳು

ಫೋಟೋ ಹಚ್ಚೋ ಜಾಗ ತೆಗೆಸಿದೆ. ಅದಕ್ಕೇ ಸಾಕಷ್ಟು ಜಗಳ ಆಯಿತು, "ಆಳು ಹೇಗಿದ್ದಾನೆ ಅಂತ ಗೊತ್ತಾಗೋದು ಬೇಡ್ವಾ?" ಅಂತ. ಹುಟ್ಟಿದ ತಾರೀಕು ಕೂಡ ಈಗ ಕೇಳಲ್ಲ. ಮೊದಲ ಸುತ್ತಿನಲ್ಲಿ ಹೆಸರಿನ ಬದಲು ನಂಬರು. ವಿಳಾಸ ಇನ್ನೂ ಉಳಿದುಕೊಂಡಿದೆ. ಯಾವ ಬೀದಿ ಅಂತ ನೋಡಿಯೇ ಮೂಗು ಮುರಿಯೋರು ಸಮಿತಿಯಲ್ಲಿ ಇಬ್ಬರು ಇದ್ದಾರೆ. ಮುಂದಿನ ಸಭೆಯಲ್ಲಿ ಅದನ್ನು ಎತ್ತಿದ್ದೀನಿ, ಏನಾಗುತ್ತೋ ಬಂದು ಬರೀತೀನಿ.

ತರ್ಕಬದ್ಧ

ವಿಳಾಸ ಇಲ್ಲದಿದ್ದರೆ ಪತ್ರ ಎಲ್ಲಿಗೆ ಕಳಿಸ್ತೀರಿ ಮೇಡಂ?

ಅರ್ಜಿ ಓದುವವಳು

ಇಮೇಲ್ ಇದೆಯಲ್ಲ ಸರ್.